ಗ್ರಾಹಕರಕ್ಷಣೆಯ ಅಧಿಕಾರಸ್ಥಾನಗಳು: ದೇಶಭೇದವಿಚಾರ

ಗ್ರಾಹಕನೆಂದರೆ ಸರಕನ್ನು ಕೊಳ್ಳುವವನು ಎಂಬುದು ಇಂದು ಪುತ್ತೂರು ಪೇಟೆಯಲ್ಲಿ ಅಂಗಡಿಯ ಫಲಕವನ್ನು ಓದಬಲ್ಲ ಹುಡುಗನಿಗೂ ತಿಳಿದ ಸಂಗತಿಯೇ ಸರಿ. ಪೇಟೆಯ ಮಾತಿನಲ್ಲಿ ಬಳಕೆಯಲ್ಲಿರುವ ಗಿರಾಕಿಯೂ ಈ ಶಬ್ದದ ತದ್ಭವವೇ. ಆದರೆ ಧರ್ಮಶಾಸ್ತ್ರವನ್ನು ಪಾಠಕ್ರಮದಿಂದ ಓದಿದವರಿಗೆ ಇದು ಬೇರೊಂದು ಅರ್ಥದಲ್ಲಿ ಪರಿಚಿತವಾಗಿರುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಸ್ತೇಯಪ್ರಕರಣದೊಳಗೆ, ಕಳ್ಳನನ್ನು ಹಿಡಿಯತಕ್ಕ ರಾಜಪುರುಷರಿಗೆ ಗ್ರಾಹಕರೆಂಬ ಹೆಸರುಂಟು. ಕೊಳ್ಳುವವನಿಗಾದರೋ ಅಲ್ಲಿ ಕ್ರೇತೃ ಎಂದೇ ಹೆಸರು. ಗ್ರಹ್ ಧಾತುವಿನ ಅರ್ಥವು ಹಿಡಿಯುವುದು, ಸ್ವೀಕರಿಸುವುದು ಎಂದಿರುವುದರಿಂದ ಎರಡೂ ಪ್ರಯೋಗಗಳು ಸಾಧುವೇ. ಒಂದರಲ್ಲಿ ಸರಕನ್ನು ಹಿಡಿಯುವವನು, ಇನ್ನೊಂದರಲ್ಲಿ ವಂಚಕನನ್ನು ಹಿಡಿಯುವವನು.

ಈ ಶಬ್ದವಿಚಾರವನ್ನು ಮೊದಲಲ್ಲಿಯೇ ಎತ್ತಿದ್ದು ಪಾಂಡಿತ್ಯಪ್ರದರ್ಶನಕ್ಕಾಗಿ ಅಲ್ಲ. ಕೊಳ್ಳುವವನಿಗೆ ಮೋಸವಾದಾಗ ಮೋಸಮಾಡಿದವನನ್ನು ಹಿಡಿಯತಕ್ಕವನು ಯಾರು? ಕೊಂಡವನೇ ಹೋಗಿ ಹಿಡಿಯಬೇಕೋ, ರಾಜಪುರುಷನು ಹಿಡಿಯಬೇಕೋ, ಅಥವಾ ಕೊಂಡವರೆಲ್ಲ ಒಂದು ಸಂಘವಾಗಿ ಹಿಡಿಯಬೇಕೋ? ಲೋಕದ ಬೇರೆಬೇರೆ ದೇಶಗಳಲ್ಲಿ ಗ್ರಾಹಕರಕ್ಷಣೆಗಾಗಿ ಏರ್ಪಟ್ಟಿರುವ ಅಧಿಕಾರಸ್ಥಾನಗಳ ಭೇದವೆಲ್ಲವೂ ಈ ಒಂದು ಪ್ರಶ್ನೆಗೆ ಅವು ಕೊಟ್ಟ ಉತ್ತರಗಳ ಭೇದವೇ ಆಗಿದೆ. ಅದನ್ನು ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕನ ಕಡೆಯಿಂದ ನೋಡಿ ವಿವರಿಸಬೇಕೆಂದು ಈ ಲೇಖನದಲ್ಲಿ ಉದ್ದೇಶಿಸಿದೆ.

ಉದಾಹರಣೆಯೊಂದು ಬೇಕಾಗುವುದರಿಂದ ಸ್ವಾನುಭವವನ್ನೇ ಹೇಳುವೆನು. ಏಳು ವರ್ಷಗಳ ಹಿಂದೆ ಒಂದು ಸಸ್ಯಶಾಲೆಯಿಂದ ಮಂಗಳಾ ತಳಿಯವೆಂದು ಹೇಳಿದ ಇನ್ನೂರು ಅಡಕೆಸಸಿಗಳನ್ನು ತಂದು ನೆಡಿಸಿದೆನು. ವಿಟ್ಲದ ಸಂಶೋಧನಾಕೇಂದ್ರದಿಂದ 1972ರಲ್ಲಿ ಹೊರಬಂದ ಈ ತಳಿಯು ಬೇಗ ಫಲಕ್ಕೆ ಬರುವುದೆಂದು ಹೆಸರುವಾಸಿಯಾದುದು. ಮೂರು ವರ್ಷ ಹೋಯಿತು, ನಾಲ್ಕು ಹೋಯಿತು; ಹಿಂಗಾರದ ಸುಳಿವಿಲ್ಲ. ಆರನೆಯ ವರ್ಷದಲ್ಲಿ ಕೆಲವು ಮರಗಳು ಹೂ ಬಿಟ್ಟಾಗ ತಿಳಿದವರು ಬಂದು ನೋಡಿ, ಇವು ಊರಿನ ತಳಿಯವು, ಅದೂ ಒಂದೇ ಬಗೆಯವಲ್ಲ ಎಂದರು. ಪೆಟ್ಟಿಗೆಯಲ್ಲಿ ಹುಡುಕಿದಾಗ ಸಿಕ್ಕಿದ ಚೀಟಿಯಲ್ಲಿ ‘ಸಸಿ 200’ ಎಂದೂ ಅದರ ಮುಂದೆ ಮೊಬಲಗೂ ಬರೆದಿತ್ತೇ ಹೊರತು ತಳಿಯ ಹೆಸರಿರಲಿಲ್ಲ. ಶಾಸ್ತ್ರಪಾಠ ಹೇಳುವವನು ಲೇಖ್ಯಪ್ರಕರಣವನ್ನು ಮರೆತನೆಂದು ಮನೆಯವರು ನಕ್ಕರು. ನಗುವುದು ನ್ಯಾಯವೇ.

ಈಗ ನಮ್ಮ ಪೂರ್ವಗ್ರಂಥಗಳು ಇಂಥ ಸಂದರ್ಭದಲ್ಲಿ ಏನು ವಿಧಿಸುತ್ತವೆಂಬುದನ್ನು ನೋಡೋಣ. ವ್ಯವಹಾರಪದಗಳಲ್ಲಿ ಕ್ರೀತಾನುಶಯವೆಂಬುದೊಂದಿದೆ, ಕೊಂಡಮೇಲೆ ಪಶ್ಚಾತ್ತಾಪಪಟ್ಟು ಹಿಂದಿರುಗಿಸುವ ವಿಷಯವದು. ಮನುವು ಕೊಂಡವನಿಗೂ ಮಾರಿದವನಿಗೂ ಹತ್ತು ದಿನಗಳ ಅವಕಾಶವನ್ನು ಕೊಡುತ್ತಾನೆ. ನಾರದನ ಲೆಕ್ಕ ಇನ್ನೂ ಬಿಗಿಯಾದುದು. ಕೊಂಡ ದಿನವೇ ಕೆಡದ ಸರಕನ್ನು ಹಿಂದಕ್ಕೆ ಕೊಡಬಹುದು. ಎರಡನೆಯ ದಿನ ಕೊಟ್ಟರೆ ಬೆಲೆಯಲ್ಲಿ ಮೂವತ್ತರಲ್ಲೊಂದು ಪಾಲು ನಷ್ಟ. ಮೂರನೆಯ ದಿನ ಅದರ ಇಮ್ಮಡಿ. ಅನಂತರ ಸರಕು ಕೊಂಡವನದೇ. ಯಾಜ್ಞವಲ್ಕ್ಯನಾದರೋ ವಸ್ತುಭೇದದಿಂದ ಪರೀಕ್ಷಾಕಾಲವನ್ನು ಹೇಳುತ್ತಾನೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ಹೊರೆ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ಕಬ್ಬಿಣವನ್ನು ಬಡಿದರೆ ತಿಳಿಯುತ್ತದೆ, ಹಸುವನ್ನು ಮೂರು ದಿನ ಕರೆದು ನೋಡಬೇಕು, ಬೀಜವು ಮೊಳೆಯಬೇಕು. ದೋಷವು ಪ್ರಕಟವಾಗಲು ಬೇಕಾದಷ್ಟು ಕಾಲವನ್ನು ಕೊಂಡವನಿಗೆ ಕೊಡಬೇಕೆಂಬ ಯುಕ್ತಿ ಇದರಲ್ಲಿ ಸ್ಪಷ್ಟವಾಗಿದೆ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಕರ್ನಾಟಕದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ, ಎಂಬುದನ್ನು ಕನ್ನಡ ವಿದ್ವಾಂಸರಿಗೆ ನೆನಪಿಸಬೇಕಾದುದಿಲ್ಲ. ಆದರೆ ಅಡಕೆಯ ವಿಷಯದಲ್ಲಿ ಹತ್ತು ದಿನವು ಏತಕ್ಕೂ ಸಾಲದು. ಅದರ ಗೋಟು ಮೊಳೆಯಲಿಕ್ಕೇ ಎಷ್ಟೋ ವಾರಗಳು ಬೇಕು, ಜಾತಿ ತಿಳಿಯಲಿಕ್ಕೆ ವರ್ಷಗಳು ಬೇಕು.

ಸರಕನ್ನು ಗುಣದೋಷಗಳಿಂದ ಮೊದಲು ತಾನೇ ಪರೀಕ್ಷಿಸಬೇಕು, ಪರೀಕ್ಷಿಸಿ ಒಪ್ಪಿ ಕೊಂಡುದು ಮತ್ತೆ ಮಾರಿದವನನ್ನು ಸೇರದು ಎಂದೂ ನಾರದನು ಹೇಳಿರುವುದನ್ನು ಮರೆಯಬಾರದು. ಆಂಗ್ಲೇಯರ ನ್ಯಾಯದಲ್ಲಿ ಕೊಳ್ಳುವವನೇ ಎಚ್ಚರವಾಗಿರತಕ್ಕದ್ದೆಂಬ ಲ್ಯಾಟಿನ್ ಸೂತ್ರವು ಬಹುಕಾಲ ಆಳಿತು. 1930ರ ಸರಕು ಮಾರಾಟದ ಕಾಯ್ದೆಯಲ್ಲಿ ಕೆಲವು ಅಪವಾದಗಳೊಡನೆ ಅದೇ ತತ್ತ್ವವು ನಮ್ಮ ದೇಶಕ್ಕೂ ಬಂತು. ಪೂರ್ವದ ಸೂತ್ರವೂ ಪಶ್ಚಿಮದ ಸೂತ್ರವೂ ಒಂದೇ ಎಂದು ಕೆಲವರು ಹಿಗ್ಗುವುದುಂಟು. ಅದು ಅವಿಚಾರ. ನಮ್ಮಲ್ಲಿ ಆ ಸೂತ್ರದ ಪಕ್ಕದಲ್ಲಿಯೇ ರಾಜಪುರುಷನೊಬ್ಬನು ನಿಂತಿದ್ದನು.

ಆ ರಾಜಪುರುಷನನ್ನು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೋಡಬಹುದು. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ದೊರೆತು ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಅಚ್ಚಾದ ಈ ಗ್ರಂಥದಲ್ಲಿ ಅಧಿಕಾರಿ ಒಬ್ಬನಲ್ಲ. ತೂಕದ ಕಲ್ಲುಗಳನ್ನೂ ಅಳತೆಯ ಪಾತ್ರೆಗಳನ್ನೂ ಮಾಡಿಸಿ ಮುದ್ರೆಹಾಕುವವನು ಪೌತವಾಧ್ಯಕ್ಷ. ಸರಕಿನ ಬೆಲೆಯ ಏರಿಳಿತಗಳನ್ನು ಬಲ್ಲವನು ಪಣ್ಯಾಧ್ಯಕ್ಷ. ಪೇಟೆಯಲ್ಲಿ ತಿರುಗಿ ಕೂಟತುಲೆಯನ್ನೂ ಕೂಟದ್ರವ್ಯವನ್ನೂ ಹಿಡಿಯುವವನು ಸಂಸ್ಥಾಧ್ಯಕ್ಷ. ತೂಕದ ಮರುಪರೀಕ್ಷೆ ನಾಲ್ಕು ತಿಂಗಳಿಗೊಮ್ಮೆ ಎಂದು ಕೌಟಿಲ್ಯನು, ಆರು ತಿಂಗಳಿಗೊಮ್ಮೆ ಎಂದು ಮನುವು. ಇಂದಿನ ನಿಯಮದಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಮರ, ಲೋಹ, ಮಣಿ, ಹಗ್ಗ, ಚರ್ಮ, ನೂಲು ಮುಂತಾದವುಗಳಲ್ಲಿ ಜಾತ್ಯವಲ್ಲದುದನ್ನು ಜಾತ್ಯವೆಂದು ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವನ್ನು ಅರ್ಥಶಾಸ್ತ್ರವು ಹೇಳುತ್ತದೆ. ನನ್ನ ಸಸಿಗಳಿಗೆ ಇದಕ್ಕಿಂತ ಒಪ್ಪುವ ವಾಕ್ಯವಿಲ್ಲವಾದರೂ ಆ ಎಂಟರಷ್ಟು ಹಣವು ಹೋಗುವುದು ರಾಜಕೋಶಕ್ಕೆ. ಔಷಧ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲಗಳಲ್ಲಿ ಕೀಳು ಪದಾರ್ಥವನ್ನು ಬೆರಸಿದವನಿಗೆ ಯಾಜ್ಞವಲ್ಕ್ಯನು ವಿಧಿಸಿದ ಹದಿನಾರು ಪಣಗಳೂ ದಂಡವೇ. ದಂಡವು ಬೇರೆ, ಕೊಂಡವನ ನಷ್ಟಕ್ಕೆ ಪರಿಹಾರವು ಬೇರೆ. ಇಂದಿನ ದೇಶದೇಶಗಳ ಏರ್ಪಾಡುಗಳನ್ನು ತಿಳಿಯುವುದಕ್ಕೆ ಈ ಭೇದವೇ ಬೀಗದಕೈ.

ಅಮೆರಿಕಾ ಸಂಯುಕ್ತಸಂಸ್ಥಾನವನ್ನು ಮೊದಲು ತೆಗೆದುಕೊಳ್ಳೋಣ. ಅಲ್ಲಿ 1914ರ ಕಾಯ್ದೆಯಿಂದ ಏರ್ಪಟ್ಟ ಫೆಡರಲ್ ಟ್ರೇಡ್ ಕಮಿಷನ್ ಎಂಬ ಮಂಡಲಿಯು ಮೋಸದ ಜಾಹೀರಾತುಗಳನ್ನೂ ಅನ್ಯಾಯದ ವ್ಯಾಪಾರಪದ್ಧತಿಗಳನ್ನೂ ತಡೆಯುತ್ತದೆ. ಆಹಾರ ಮತ್ತು ಔಷಧಗಳಿಗೆ ಬೇರೆ ಅಧಿಕಾರ, ಅದರ ಮೂಲವು 1906ರ ಕಾಯ್ದೆ. ಆಟಿಕೆ ಮೊದಲಾದ ಮನೆಬಳಕೆಯ ವಸ್ತುಗಳ ಸುರಕ್ಷತೆಗೆ 1972ರ ಕಾಯ್ದೆಯಿಂದ ಇನ್ನೊಂದು. ಸಾಲ ಮತ್ತು ಬ್ಯಾಂಕು ವ್ಯವಹಾರಕ್ಕೆ 2010ರ ಕಾಯ್ದೆಯಿಂದ ಮತ್ತೊಂದು. ಕೌಟಿಲ್ಯನ ಅಧ್ಯಕ್ಷರ ಹಂಚಿಕೆಯನ್ನು ಇದು ನೆನಪಿಗೆ ತರುತ್ತದೆ. ಆದರೆ ಒಬ್ಬ ರೈತನು ತನ್ನ ಇನ್ನೂರು ಸಸಿಗಳ ದೂರನ್ನು ಟ್ರೇಡ್ ಕಮಿಷನ್ನಿಗೆ ಕಳುಹಿಸಿದರೆ ಅದು ಆ ಒಂದು ವ್ಯಾಜ್ಯವನ್ನು ತೀರ್ಮಾನಿಸುವುದಿಲ್ಲ. ದೂರುಗಳನ್ನು ಕೂಡಿಹಾಕಿ, ಅನೇಕರಿಗೆ ಒಂದೇ ಬಗೆಯ ಮೋಸವಾಗುತ್ತಿರುವುದು ಕಂಡರೆ ಮೋಸಗಾರನ ಮೇಲೆ ತಾನೇ ಹೋಗುತ್ತದೆ. ಪ್ರತ್ಯೇಕ ನಷ್ಟಕ್ಕೆ ನ್ಯಾಯಾಲಯವೇ ಗತಿ; ಒಂದೇ ಬಗೆಯಲ್ಲಿ ನೊಂದ ಸಾವಿರಾರು ಜನರು ಒಂದೇ ದಾವೆಯಲ್ಲಿ ಸೇರುವ ಪದ್ಧತಿಯು ಅಲ್ಲಿ ಪ್ರಬಲವಾಗಿದೆ.

ಬ್ರಿಟನ್ನಿನಲ್ಲಿ ಪೇಟೆಯನ್ನು ಕಾಯುವವರು ಸ್ಥಳೀಯ ಸಭೆಗಳ ನೌಕರರು. ತೂಕ ಅಳತೆಗಳ ಇನ್ಸ್‌ಪೆಕ್ಟರರ ಪರಂಪರೆಯೇ ಬೆಳೆದು ಇಂದು ಟ್ರೇಡಿಂಗ್ ಸ್ಟಾಂಡರ್ಡ್ಸ್ ಎಂಬ ಹೆಸರಿನಿಂದ ನಡೆಯುತ್ತಿದೆ. ಇವರು ನಮ್ಮ ಸಂಸ್ಥಾಧ್ಯಕ್ಷನಿಗೆ ಅತಿಸಮೀಪದವರು. ಕೇಂದ್ರದಲ್ಲಿ 1973ರಿಂದ ಇದ್ದ ನ್ಯಾಯವ್ಯಾಪಾರದ ಕಛೇರಿಯನ್ನು 2014ರಲ್ಲಿ ಮುಚ್ಚಿ, ಅದರ ಮುಖ್ಯಕಾರ್ಯಗಳನ್ನು ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರಕ್ಕೆ ಒಪ್ಪಿಸಿದರು. ಬಹುಕಾಲ ಈ ಪ್ರಾಧಿಕಾರವು ತಪ್ಪಿತಸ್ಥನನ್ನು ನ್ಯಾಯಾಲಯಕ್ಕೆ ಎಳೆಯಬೇಕಾಗಿತ್ತು. 2024ರ ಕಾಯ್ದೆಯ ಪ್ರಕಾರ, 2025ರ ಏಪ್ರಿಲಿನಿಂದ, ವ್ಯಾಪಾರಸಂಸ್ಥೆಯ ಒಟ್ಟು ವಹಿವಾಟಿನ ನೂರಕ್ಕೆ ಹತ್ತರವರೆಗೂ ದಂಡವನ್ನು ತಾನೇ ವಿಧಿಸಬಲ್ಲದು.

ಜರ್ಮನಿಯ ಕ್ರಮವು ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ತೋರಿತು. ಎಲ್ಲದರಲ್ಲಿಯೂ ಸರಕಾರದ ಶಿಸ್ತನ್ನು ಬಯಸುವ ಜನವೆಂದು ನಾವು ಎಣಿಸಿರುವ ಆ ದೇಶದಲ್ಲಿ ಸಾಮಾನ್ಯ ಗ್ರಾಹಕರಕ್ಷಣೆಯ ಭಾರವನ್ನು ಮುಖ್ಯವಾಗಿ ಹೊತ್ತಿರುವುದು ಸರಕಾರದ ಕಛೇರಿಯಲ್ಲ, ಸಂಘಗಳು. ಹದಿನಾರು ಪ್ರಾಂತಗಳಲ್ಲಿ ಒಂದೊಂದು ಗ್ರಾಹಕಕೇಂದ್ರವಿದೆ. ಅವುಗಳಿಗೆಲ್ಲ ಮೇಲೆ 2000ದಲ್ಲಿ ಸ್ಥಾಪಿತವಾದ ಒಕ್ಕೂಟವಿದೆ. ಸರಕಾರದ ಹಣವು ಇವುಗಳಿಗೆ ದೊರೆಯುತ್ತದೆ, ಆದರೆ ಸರಕಾರದ ದಂಡಾಧಿಕಾರವಿಲ್ಲ. ಅನ್ಯಾಯದ ಕರಾರನ್ನೋ ಸುಳ್ಳು ಜಾಹೀರಾತನ್ನೋ ಕಂಡಾಗ ಮೊದಲು ಎಚ್ಚರಿಕೆಯ ಪತ್ರ, ಆಮೇಲೆ ನ್ಯಾಯಾಲಯದಲ್ಲಿ ತಡೆಯಾಜ್ಞೆಗಾಗಿ ದಾವೆ. 2023ರ ಅಕ್ಟೋಬರಿನಿಂದ ನೊಂದವರ ಪರವಾಗಿ ಪರಿಹಾರದ ದಾವೆಯನ್ನು ಹೂಡುವ ಅಧಿಕಾರವೂ ಸಂಘಗಳಿಗೆ ಬಂದಿದೆ. ಆಹಾರದ ಪರೀಕ್ಷೆ ಮಾತ್ರ ಪ್ರಾಂತಸರಕಾರಗಳ ಕೈಯಲ್ಲಿ ಉಳಿದಿದೆ.

ಸ್ವೀಡನ್ನಿನಲ್ಲಿ 1971ರಲ್ಲಿ ಗ್ರಾಹಕರ ಓಂಬುಡ್ಸ್‌ಮನ್ ಎಂಬ ಅಧಿಕಾರಿಯ ಸ್ಥಾನವು ಏರ್ಪಟ್ಟಿತು. ಈ ಅಧಿಕಾರಿಯು ಎಲ್ಲ ಗ್ರಾಹಕರ ಪರವಾಗಿ ವಾದಿಸತಕ್ಕವನು. ಒಬ್ಬೊಬ್ಬರ ವ್ಯಾಜ್ಯಕ್ಕೆ ಬೇರೆ ಮಂಡಲಿಯಿದೆ. ಅದು ಕಾಗದಪತ್ರಗಳನ್ನು ನೋಡಿ ಕೊಡುವ ತೀರ್ಮಾನವು ಆಜ್ಞೆಯಲ್ಲ, ಶಿಫಾರಸು ಮಾತ್ರ. ಪಾಲಿಸದಿದ್ದರೆ ಗತಿಯೇನೆಂದು ವಾಚಕರು ಕೇಳಬಹುದು. ಪಾಲಿಸದ ವ್ಯಾಪಾರಿಗಳ ಹೆಸರಿನ ಪಟ್ಟಿಯನ್ನು ಗ್ರಾಹಕರ ಪತ್ರಿಕೆಯೊಂದು ಅಚ್ಚುಹಾಕುತ್ತದೆ. ಅಪಕೀರ್ತಿಯನ್ನೇ ದಂಡವಾಗಿ ಬಳಸಿದ ಈ ಉಪಾಯವು ನಡೆಯುವುದು ವ್ಯಾಪಾರಿಗೆ ಹೆಸರಿನ ಮೇಲೆ ಆಸೆಯಿರುವಲ್ಲಿ ಮಾತ್ರ. ನಮ್ಮಲ್ಲಿ ವರ್ಷಕ್ಕೊಮ್ಮೆ ಅಂಗಡಿಯ ಹೆಸರು ಬದಲಾಯಿಸುವವರಿಗೆ ಇದು ಏನೂ ಅಲ್ಲ.

ಜಪಾನಿನಲ್ಲಿ ಗ್ರಾಹಕವ್ಯವಹಾರಗಳ ಕೇಂದ್ರ ಕಛೇರಿಯು 2009ರ ಸೆಪ್ಟೆಂಬರ್ 1ರಂದು ಪ್ರಾರಂಭವಾಯಿತು. ಅದಕ್ಕೂ ಬಹಳ ಮೊದಲಿನಿಂದ ಊರೂರುಗಳಲ್ಲಿ ಸಲಹಾಕೇಂದ್ರಗಳಿದ್ದು ಅವೇ ಜನರಿಗೆ ಹತ್ತಿರವಾಗಿವೆ. 188 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಮೀಪದ ಕೇಂದ್ರವು ಸಿಗುತ್ತದೆ. ಆ ಅಂಕಗಳನ್ನು ಅವರ ಭಾಷೆಯಲ್ಲಿ ಓದಿದರೆ ಬೇಡ ಬೇಡ ಎಂಬರ್ಥದ ಧ್ವನಿ ಬರುವುದಂತೆ. ಆಸ್ಟ್ರೇಲಿಯದಲ್ಲಿ ಪ್ರಾಂತಕ್ಕೊಂದರಂತಿದ್ದ ಗ್ರಾಹಕನಿಯಮಗಳನ್ನು ಒಟ್ಟುಗೂಡಿಸಿ 2011ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಶಾಸನವನ್ನು ತಂದರು. ಪಾಲನೆಯು ಕೇಂದ್ರಕ್ಕೂ ಪ್ರಾಂತಗಳಿಗೂ ಸೇರಿದೆ.

ಭಾರತದ ಏರ್ಪಾಡು ಇವೆಲ್ಲಕ್ಕಿಂತ ಬೇರೆ. ಸಂಯುಕ್ತರಾಷ್ಟ್ರಸಭೆಯು 1985ರಲ್ಲಿ ಗ್ರಾಹಕರಕ್ಷಣೆಗೆ ಮಾರ್ಗದರ್ಶಕಸೂತ್ರಗಳನ್ನು ಒಪ್ಪಿದ ಮರುವರ್ಷವೇ, 1986ರ ಡಿಸೆಂಬರ್ 24ರಂದು, ನಮ್ಮ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತವಾಯಿತು. ಆ ಕಾಯ್ದೆಯು ಕೊಟ್ಟುದು ರಾಜಪುರುಷನನ್ನಲ್ಲ, ಧರ್ಮಸ್ಥರನ್ನು: ಜಿಲ್ಲೆಗೊಂದು, ರಾಜ್ಯಕ್ಕೊಂದು, ದೇಶಕ್ಕೊಂದು ವ್ಯಾಜ್ಯಸ್ಥಾನ. ಸ್ವೀಡನ್ನಿನ ಮಂಡಲಿಯಂತೆ ಇವು ಶಿಫಾರಸು ಮಾಡುವುದಿಲ್ಲ. ಆಜ್ಞೆಯನ್ನೇ ಮಾಡುತ್ತವೆ, ಪಾಲಿಸದವನಿಗೆ ಸೆರೆವಾಸವನ್ನೂ ವಿಧಿಸಬಲ್ಲವು. ವಕೀಲರಿಲ್ಲದೆ ಕೊಂಡವನೇ ನಿಂತು ವಾದಿಸಬಹುದು. ಆದರೆ ಪೇಟೆಯಲ್ಲಿ ತಿರುಗಿ ಹಿಡಿಯುವ ಅಧಿಕಾರಿಯು ಈ ಕಾಯ್ದೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಇರಲೇ ಇಲ್ಲ. 2019ರ ಹೊಸ ಕಾಯ್ದೆಯ ಮೂಲಕ 2020ರ ಜುಲೈಯಲ್ಲಿ ದೆಹಲಿಯಲ್ಲಿ ಏರ್ಪಟ್ಟ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ ಕೊರತೆಯನ್ನು ತುಂಬಲೆಂದೇ ಹುಟ್ಟಿದುದು. ಇದು ಅಮೆರಿಕಾದ ಟ್ರೇಡ್ ಕಮಿಷನ್ನಿನಂತೆ ಸಮುದಾಯದ ಹಿತವನ್ನು ನೋಡುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ, ಮತ್ತೆ ಮಾಡಿದರೆ 50 ಲಕ್ಷದವರೆಗೂ ದಂಡ ಹಾಕುತ್ತದೆ. ಆ ದಂಡವೂ ಕೌಟಿಲ್ಯನ ಎಂಟರಷ್ಟರಂತೆ ಕೊಂಡವನ ಕೈಗೆ ಬಾರದು. ಹೀಗೆ ಹಿಡಿಯುವ ಕೈ ಒಂದು, ಪರಿಹಾರ ಕೊಡಿಸುವ ಕೈ ಇನ್ನೊಂದು. ತೂಕ ಅಳತೆಗಳು 2009ರ ಕಾನೂನುಮಾಪನ ಕಾಯ್ದೆಗೆ, ಆಹಾರವು 2006ರ ಕಾಯ್ದೆಗೆ, ಬೀಜವು 1966ರ ಕಾಯ್ದೆಗೆ, ಕೀಟ ಮತ್ತು ಕೊಳೆಯ ಮದ್ದುಗಳು 1968ರ ಕಾಯ್ದೆಗೆ ಸೇರಿ ಬೇರೆಬೇರೆ ಇಲಾಖೆಗಳಲ್ಲಿವೆ.

ಸುಳ್ಯದ ಅಥವಾ ಕಡಬದ ಕೃಷಿಕನು ಮೈಲುತುತ್ತವನ್ನು ಕೊಂಡನೆನ್ನಿ. ಮಳೆಗಾಲದ ಮೊದಲು ಸುಣ್ಣದೊಡನೆ ಕೂಡಿಸಿ ಬೋರ್ಡೋ ದ್ರಾವಣವಾಗಿ ಅಡಕೆಗೊನೆಗಳಿಗೆ ಬಿಟ್ಟನು. ಮದ್ದು ಕಲಬೆರಕೆಯದಾದುದರಿಂದ ಆಷಾಢದ ಮಳೆಯಲ್ಲಿ ಕೊಳೆರೋಗ ಬಂದು ಅರ್ಧ ಫಸಲು ಉದುರಿತು. ಕೃಷಿ ಇಲಾಖೆಯ ಅಧಿಕಾರಿಯು ಅಂಗಡಿಯಿಂದ ಮಾದರಿಯನ್ನು ತೆಗೆದು ಪರೀಕ್ಷೆಗೆ ಕಳುಹಿಸಬಲ್ಲನು, ವ್ಯಾಪಾರಿಗೆ ಶಿಕ್ಷೆಯಾಗುವಂತೆ ಮಾಡಬಲ್ಲನು. ಉದುರಿದ ಅಡಕೆಯ ಬೆಲೆಯನ್ನು ಕೊಡಿಸಲಾರನು. ಅದಕ್ಕೆ ಮಂಗಳೂರಿನ ಜಿಲ್ಲಾ ಆಯೋಗವೇ ಸರಿಯಾದ ಸ್ಥಾನ. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲವೆಂಬ ನಿಯಮವನ್ನು ತೋರಿಸಿ, ಅಡಕೆ ಮಾರುವವನು ಗ್ರಾಹಕನು ಹೇಗೆಂದು ಎದುರುವಾದಿಯು ಕೇಳುವುದುಂಟು. ಅದಕ್ಕೆ ಕಾಯ್ದೆಯೇ ಸಮಾಧಾನವನ್ನು ಹೇಳಿದೆ: ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕಾಗಿಯೇ ಕೊಂಡು ತಾನೇ ಬಳಸಿದರೆ ಅದು ವ್ಯಾಪಾರವಲ್ಲ. ಇದಲ್ಲದೆ 2012ರಲ್ಲಿ, ಆಂಧ್ರದ ರೈತರು ಕೆಟ್ಟ ಬೀಜಕ್ಕಾಗಿ ರಾಷ್ಟ್ರೀಯ ಬೀಜ ನಿಗಮದ ಮೇಲೆ ತಂದ ವ್ಯಾಜ್ಯದಲ್ಲಿ, ಬೀಜ ಕೊಂಡ ರೈತನು ಗ್ರಾಹಕನೇ ಎಂದೂ ಬೀಜದ ಕಾಯ್ದೆಯಲ್ಲಿ ಪರಿಹಾರದ ವಿಧಿಯಿಲ್ಲದ್ದರಿಂದ ಅದು ಈ ದಾರಿಗೆ ಅಡ್ಡಿಯಲ್ಲವೆಂದೂ ಸರ್ವೋಚ್ಚನ್ಯಾಯಾಲಯವು ನಿರ್ಣಯಿಸಿತು. ಪರೀಕ್ಷೆಗೆ ಮಾದರಿ ಎಲ್ಲಿ ಎಂದು ನಿಗಮವು ಕೇಳಿದಾಗ, ತಂದ ಬೀಜವನ್ನೆಲ್ಲ ಬಿತ್ತುವ ರೈತನಿಂದ ಮಾದರಿಯನ್ನು ಎತ್ತಿಡುವುದನ್ನು ನಿರೀಕ್ಷಿಸಲಾಗದೆಂಬ ನ್ಯಾಯಪೀಠದ ಉತ್ತರವು ಕೃಷಿಯ ಮರ್ಮವನ್ನರಿತ ಮಾತು.

ಗಡಿಯ ವಿಷಯವನ್ನೂ ಇಲ್ಲಿ ಸೇರಿಸಬೇಕು. 1956ರ ನವೆಂಬರ್ 1ರವರೆಗೆ ಪುತ್ತೂರೂ ಕಾಸರಗೋಡೂ ಮದರಾಸು ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುವು. ಆಗ ಅಕ್ಕಿಯ ಮುಡಿಗೆ ಎಷ್ಟು ಸೇರೆಂಬುದು ಊರಿಂದೂರಿಗೆ ಬೇರೆ. ಗೇಣಿ ಅಳೆಯುವ ಸೇರು ದೊಡ್ಡದು, ಮಾರುವ ಸೇರು ಸಣ್ಣದು ಎಂಬ ಹಿರಿಯರ ದೂರನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಇಂದು ಅಳತೆ ಒಂದೇ, ಕಾಯ್ದೆ ಒಂದೇ, ರಾಜ್ಯ ಮಾತ್ರ ಎರಡು. ಕಾಸರಗೋಡು ಜಿಲ್ಲೆಯ ದೇಲಂಪಾಡಿಯವರಿಗೆ ಸುಳ್ಯವೇ ಹತ್ತಿರದ ಪೇಟೆ. ಅಲ್ಲಿ ಕೊಂಡ ಪಂಪು ಕೆಟ್ಟರೆ ಹಳೆಯ ಕಾಯ್ದೆಯ ಪ್ರಕಾರ ಅಂಗಡಿಯಿರುವ ಅಥವಾ ವ್ಯವಹಾರ ನಡೆದ ಜಿಲ್ಲೆಯಲ್ಲಿಯೇ, ಎಂದರೆ ಮಂಗಳೂರಿನಲ್ಲಿ, ದೂರಬೇಕಾಗಿತ್ತು. 2019ರ ಕಾಯ್ದೆಯು ದೂರುವವನು ವಾಸಿಸುವ ಸ್ಥಳದಲ್ಲಿಯೂ ದೂರಬಹುದೆಂದು ಮಾಡಿದೆ. ಆದುದರಿಂದ ಆತನು ಕಾಸರಗೋಡಿನ ಆಯೋಗಕ್ಕೇ ಹೋಗಬಹುದು. ಸುಳ್ಯದವನಿಗೆ ಈ ಬದಲಾವಣೆಯಿಂದ ದಾರಿ ಕಡಿಮೆಯಾಗಲಿಲ್ಲ. ಮಂಗಳೂರು ಅವನಿಗೆ ಸುಮಾರು 85 ಕಿಲೋಮೀಟರು, ಪುತ್ತೂರಿನವನಿಗೆ 50. ಪ್ರತ್ಯೇಕ ತಾಲೂಕಾದ ಕಡಬದವನಿಗೂ ವ್ಯಾಜ್ಯಸ್ಥಾನವು ಅಲ್ಲಿಯೇ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲವೆಂಬುದು ನಿಜ. ಆದರೆ ನಾಲ್ಕು ವಾಯಿದೆಗೆ ನಾಲ್ಕು ದಿನದ ಕೆಲಸ ಕೆಟ್ಟರೆ ಸಣ್ಣ ಮೊಬಲಗಿನ ದೂರಿನಲ್ಲಿ ಉಳಿಯುವುದೇನು? ಜಪಾನಿನ ಊರಕೇಂದ್ರದಂತಹುದು ತಾಲೂಕಿಗೊಂದು ಇದ್ದಿದ್ದರೆ ಈ ದೂರುಗಳಲ್ಲಿ ಬಹುಪಾಲು ಅಲ್ಲಿಯೇ ತೀರಿಹೋಗುತ್ತಿದ್ದುವೆಂದು ನನ್ನ ಮತ. 1915 ಎಂಬ ದೂರವಾಣಿಸಂಖ್ಯೆಯ ಸಹಾಯವಾಣಿಯೂ, ಮನೆಯಿಂದಲೇ ದೂರನ್ನು ಸಲ್ಲಿಸುವ ವಿದ್ಯುನ್ಮಾನ ವ್ಯವಸ್ಥೆಯೂ, ದೃಶ್ಯವಾಣಿಯ ಮೂಲಕ ವಿಚಾರಣೆಗೆ ಕಾಯ್ದೆಯಲ್ಲಿ ಅವಕಾಶವೂ ಇರುವುದರಿಂದ ದಾರಿ ಸ್ವಲ್ಪ ಹಗುರವಾಗಿದೆಯೆಂಬುದನ್ನು ಅಲ್ಲಗಳೆಯಲಾಗದು.

ಉಳಿದುದು ಕಾಲದ ಪ್ರಶ್ನೆ. ಹಿಂದಿರುಗಿಸುವ ಅವಧಿಯನ್ನು ಕೊಟ್ಟ ವಿಷಯದಲ್ಲಿ ಇಂದಿನ ಶಾಸನಗಳು ಸ್ಮೃತಿಗಳನ್ನೇ ಹೋಲುತ್ತವೆ. ಐರೋಪ್ಯ ಒಕ್ಕೂಟದಲ್ಲಿ ದೂರದಿಂದ ತರಿಸಿದ ಸರಕನ್ನು ಕಾರಣ ಹೇಳದೆಯೇ 14 ದಿನಗಳೊಳಗೆ ಬಿಡಬಹುದು, ಇದು ಶುದ್ಧ ಅನುಶಯ. ನಮ್ಮ ಕಾಯ್ದೆಯಲ್ಲಿ, ರಸೀದಿಯಲ್ಲಿ ಅವಧಿಯನ್ನು ಕಾಣಿಸದಿದ್ದರೆ, ದೋಷವುಳ್ಳ ಸರಕನ್ನು 30 ದಿನಗಳೊಳಗೆ ಹಿಂದಕ್ಕೆ ಪಡೆಯದಿರುವುದು ಅನ್ಯಾಯದ ವ್ಯಾಪಾರವೆನಿಸುತ್ತದೆ. ಆಯೋಗಕ್ಕೆ ದೂರುವ ಅವಧಿಯಾದರೋ ವ್ಯಾಜ್ಯಕಾರಣವು ಹುಟ್ಟಿದಂದಿನಿಂದ ಎರಡು ವರ್ಷ. ತಕ್ಕ ಕಾರಣವನ್ನು ತೋರಿಸಿದರೆ ತಡವನ್ನು ಮನ್ನಿಸಬಹುದು. ಸಸಿಯ ವಿಷಯದಲ್ಲಿ ವ್ಯಾಜ್ಯಕಾರಣವು ಹುಟ್ಟುವುದು ಕೊಂಡ ದಿನವೋ, ಹಿಂಗಾರ ಒಡೆದು ಜಾತಿ ತಿಳಿದ ದಿನವೋ? ಕೊಂಡ ದಿನವೆಂದರೆ ಅಡಕೆಯ ಸಸಿಯನ್ನು ಮಾರಿದವನು ಎಂದಿಗೂ ಸಿಕ್ಕಿಬೀಳನು. ಯಾಜ್ಞವಲ್ಕ್ಯನ ಯುಕ್ತಿಯನ್ನು ಅನುಸರಿಸಿದರೆ ಎರಡನೆಯದೇ ಸಾಧು. ನನ್ನ ಮರಗಳು ಹೂಬಿಟ್ಟುದು ಹೋದ ವರ್ಷದಲ್ಲಿ. ಆ ಪಕ್ಷದಲ್ಲಿ ಇನ್ನೂ ಕಾಲವಿದೆ. ‘ಸಸಿ 200’ ಎಂಬ ಚೀಟಿಗೆ ಬಲಕೊಡಲು, ಅಂದು ನನ್ನೊಡನೆ ಜೀಪಿನಲ್ಲಿ ಬಂದು ಅದೇ ಸಸ್ಯಶಾಲೆಯಿಂದ ಅದೇ ತಳಿಯೆಂದು ಸಸಿ ತಂದ ನೆರೆಮನೆಯವರಿಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವರ ತೋಟದಲ್ಲಿಯೂ ಹಿಂಗಾರ ತಡವಾಗಿಯೇ ಬಂದಿದೆ.